ಚಿತ್ರದ ಬೆನ್ನಿಗೆ ಅಚ್ಚಾದ ಮಾತು

ರೊಟ್ಟಿಗೆ ನೆಂಚಿಕೊಳ್ಳುವ ಹಿಂಡಿ ಮಾಡಲೆಂದು ಮೊನ್ನೆ ಬಾಣಲೆಯಲ್ಲಿ ಅಗಸಿ ಹುರಿಯುತ್ತಿದ್ದೆ. ಕಾಳು ಚಟಪಟ ಸಿಡಿದು ಎಣ್ಣೆಯ ವಾಸನೆ ಎದ್ದಿತು. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿರುವ ವಾಸನೆ. ಆದರೆ ಈಚೆಗೆ ಅದು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಗೊಡುವುದಿಲ್ಲ. ಹೈದರಾಬಾದಿನ ತಾರ್ನಾಕದ ಈ ಕಟ್ಟಡದಲ್ಲಿ ನಮ್ಮ ನೆತ್ತಿಯ ಮೇಲಿರುವ ಮನೆಗೆ, ವಸುಂಧರೆಯ ಬಣ್ಣದ ಕೋಣೆಗೆ ಎಳೆದುಕೊಂಡು ಹೋಗುತ್ತದೆ. ತೈಲಚಿತ್ರದ ಬಣ್ಣ ಕಲಸುವುದು ಅಗಸಿಯ ಎಣ್ಣೆಯಲ್ಲಿ ಎಂದು ನನಗೆ ಹೇಳಿದವಳೇ ಅವಳು. "ನೀವು ತಿಂತೀರಿ, ನಾ ಬಳೀತೀನಿ. ಅಷ್ಟ ಫರಕು," ಎಂದು ನಕ್ಕಿದ್ದಳು. ಅಂದು ನಾನೂ ನಕ್ಕಿದ್ದೆ. ಮೊನ್ನೆ ಮಾತ್ರ ಸೌಟು ಕೈಯಲ್ಲೇ ಉಳಿದು ಒಂದು ಬಾಣಲೆ ಅಗಸಿ ಕರಿ ಹಿಡಿಯಿತು.

ನಾಲ್ಕು ವರ್ಷದ ಹಿಂದಿನ ಮಳೆಗಾಲ ಅದು. ಬೇಸಿಗೆಯಲ್ಲಿ ನಮ್ಮತ್ತೆ ತೀರಿಕೊಂಡಿದ್ದರು. ಲಕ್ವ ಹೊಡೆದು ಮೂರು ವರ್ಷ ಮಂಚದಲ್ಲಿದ್ದರು. ಒಳ್ಳೆಯ ಹೆಂಗಸು. ಬಾಗಲಕೋಟೆಯ ಕಡೆಯವರು. ಧಾರವಾಡದ ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆಗೆ ರೊಟ್ಟಿ ಬಡಿಯಲು ಬಾರದಿದ್ದಾಗ, ಯಾರ ಮುಂದೆಯೂ ಹೇಳದೆ, ಬಾಗಿಲು ಮುಂದೆ ಮಾಡಿಕೊಂಡು ಕಲಿಸಿದವರು. ಬಲಗೈ ಬಿದ್ದುಹೋದ ಮೇಲೆ ಅವರ ಎಡಗೈಗೆ ಎಟುಕುವಂತೆ ಮಂಚದ ಸರಳಿಗೆ ದೇವರ ಮನೆಯ ಗಂಟೆಯನ್ನೇ ಕಟ್ಟಿದ್ದೆ. ಅವರಿಗೆ ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ ಗಂಟೆ. ಸುಮ್ಮನೆ ನಾನು ಇದ್ದೇನೆಯೇ ಎಂದು ನೋಡಬೇಕಾದರೂ ಗಂಟೆ. ಹಾಸಿಗೆ ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆ ತಂದಿದ್ದೆವು. ಅದರ ಯಂತ್ರ ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ನಮ್ಮ ಮನೆಯವರು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಿಡಿದರೆ ಬರುವುದು ಸಂಜೆಗೆ. ರಕ್ಷಣಾ ಇಲಾಖೆಯ ಕೆಲಸ, ನಡುವೆ ಫೋನು ಕೂಡ ಇಲ್ಲ. ಮನೆಯಲ್ಲಿ ಅತ್ತೆ, ನಾನು, ಆ ಗುಂಯ್ ಸದ್ದು.

ಅತ್ತೆ ಹೋದಾಗ ಬಳಗದವರೆಲ್ಲ ಒಂದೇ ಮಾತು ಹೇಳಿದರು. ಹೈದರಾಬಾದಿನಲ್ಲಿ ನಮ್ಮ ಕನ್ನಡದ ಮನೆಗಳು ಚದುರಿದಂತಿದ್ದರೂ ಸುದ್ದಿ ಮಾತ್ರ ಒಂದೇ ಓಣಿಯಲ್ಲಿ ಇದ್ದಂತೆ ಓಡಾಡುತ್ತದೆ. "ಸೊಸೆ ಅಂದ್ರ ಶೈಲಾ" ಎಂಬುದು ಬಾಯಿಂದ ಬಾಯಿಗೆ ಹೋಗಿತ್ತು. ನಾಚಾರಂನಲ್ಲಿರುವ ನನ್ನ ನಾದಿನಿ ಸರೋಜಾ ತಾಯಿಯ ಕಾಲ ಬಳಿ ಕೂತು, ಬಂದವರಿಗೆಲ್ಲ ಅದನ್ನೇ ಹೇಳಿ ಅತ್ತಳು. "ನಾ ಹೊಟ್ಟ್ಯಾಗ ಹುಟ್ಟಿದ ಮಗಳು, ತಿಂಗಳಿಗೆ ಒಮ್ಮೆ ಬಂದು ಹಣ್ಣು ಕೊಟ್ಟು ಹೋಗಾಕಿ. ಮಗಳ ಕೆಲಸ ಮಾಡಿದಾಕಿ ನಮ್ಮ ವೈನಿ." ಅಂದು ಅತ್ತೆಗೆ ನೀರೆರೆದು, ಕೂದಲು ಬಾಚಿ, ಹೂ ಮುಡಿಸಿದವರು ನಾವಿಬ್ಬರೇ. ನಾನೂ ಬಿಕ್ಕಿ ಬಿಕ್ಕಿ ಅತ್ತೆ. ಅದು ನಿಜವಾದ ಅಳು. ಮುಂದೆ ಹೇಳುವುದಕ್ಕೆಲ್ಲ ಇದು ಬೇಕು, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಮೃಗಶಿರ ಮಳೆ ಹಿಡಿದ ಮೇಲೆ ಮನೆ ತೀರ ಸುಮ್ಮನಾಯಿತು. ಮಧ್ಯಾಹ್ನ ಏನು ಮಾಡಬೇಕೆಂದೇ ತಿಳಿಯದು. ಕಿವಿ ಗಂಟೆಗೆ ಕಾಯುತ್ತಿತ್ತು. ಅಂಥ ಒಂದು ಮಧ್ಯಾಹ್ನ ಮೇಲಿನಿಂದ ನಮ್ಮ ಬಾಲ್ಕನಿಯ ಹಗ್ಗಕ್ಕೆ ನೀಲಿ ನೀರು ತೊಟ್ಟಿಕ್ಕಿ ಇವರ ಬಿಳಿ ಅಂಗಿಯ ತೋಳು ಕೆಟ್ಟಿತು. ಹೇಳಲೆಂದು ಮೇಲೆ ಹೋದೆ. ಬಾಗಿಲು ತೆರೆದವಳು ವಸುಂಧರಾ. ಹುಬ್ಬಳ್ಳಿಯವಳು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ ಒಬ್ಬಳೇ ಇದ್ದಳು. ಕತ್ತರಿಸಿದ ನರೆಗೂದಲು, ಮೊಣಕೈವರೆಗೆ ಬಣ್ಣ.

"ಅಯ್ಯ, ನಿಮ್ಮ ಸಾಹೇಬರ ಅಂಗಿ ಹಾಳ ಮಾಡಿದೆನೇನು? ಬರ್ರಿ ಒಳಗ. ಬೈಯೋದಿದ್ರ ಕೂತ ಬೈರಿ."

ಬೈಯಲು ಹೋದವಳು ಕತ್ತಲಾಗುವ ಮುಂಚೆ ಓಡಿ ಬಂದು ಅನ್ನಕ್ಕಿಟ್ಟೆ. ಅಷ್ಟು ಹೊತ್ತು ಕೂತಿದ್ದೆ.

ಅವಳ ಕೋಣೆಯಲ್ಲಿ ನನ್ನ ಕಣ್ಣು ಹಿಡಿದದ್ದು ಅವಳ ಚಿತ್ರಗಳಲ್ಲ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರ. ಅದಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಪೋಸ್ಟ್‌ಕಾರ್ಡುಗಳನ್ನು ಇಳಿಬಿಟ್ಟಿದ್ದಳು. ಹರೆಯದಲ್ಲಿ ಹೊರದೇಶ ಸುತ್ತುವಾಗ ಚಿತ್ರಶಾಲೆಗಳ ಅಂಗಡಿಯಲ್ಲಿ ಕೊಂಡವಂತೆ. ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ. ಒಂದರಲ್ಲಿ ಕೆಂಪು ಚೌಕ. ಒಂದರಲ್ಲಿ ಕಪ್ಪು ಗೆರೆಗಳ ನಡುವೆ ಹಳದಿ ತುಂಡು. ಇನ್ನೊಂದರಲ್ಲಿ ಬೂದಿ ಬಣ್ಣದ ಮೇಲೆ ಬೂದಿ ಬಣ್ಣ, ಅಷ್ಟೇ. ಗಾಳಿ ಬಂದರೆ ಎಲ್ಲ ಒಟ್ಟಿಗೆ ತಿರುಗಿ ಬೆನ್ನು ತೋರಿಸುತ್ತಿದ್ದವು.

"ಇವು ಏನು?" ಎಂದೆ.

"ಏನು ಅಂತ ಕೇಳಬಾರದು. ನಿನಗ ಏನ ಕಾಣಸ್ತೈತಿ ಹೇಳು." ಮೊದಲ ದಿನವೇ ಏಕವಚನಕ್ಕೆ ಇಳಿದಿದ್ದಳು. ನನಗೆ ಹಿಡಿಸಿತು.

ಕಪ್ಪು ಗೆರೆಗಳದ್ದನ್ನು ನೋಡಿ, "ನಮ್ಮ ಅಡುಗೆಮನೆ ಕಿಟಕಿ ಜಾಳಿಗಿ. ಮುಂಜಾನೆ ಎದ್ರ ಮನ್ಯಾಗ ಬೆಳಕು ಬರೋದು ಆ ಹಳದೀ ತುಂಡಿನಷ್ಟ," ಎಂದೆ. ಕೆಂಪು ಚೌಕಕ್ಕೆ, "ಹಲ್ಲು ನೋವು." ಬೂದಿಯದಕ್ಕೆ, "ಗಂಡಸರು ಸಿಟ್ಟಾದಾಗ ಮಾತಾಡದ ಕೂಡ್ತಾರಲ್ಲ, ಅದು."

ವಸು ಕುಂಚ ಕೆಳಗಿಟ್ಟಳು. "ಶೈಲಿ, ನಾ ಮೂವತ್ತು ವರ್ಷ ಓದಿದ್ದು ಸುಟ್ಟ ಹೋತು ನೋಡು. ಇನ್ನೊಂದ ಹೇಳು."

ಹೀಗೆ ಶುರುವಾಯಿತು. ಆ ಮಳೆಗಾಲವಿಡೀ, ಕೆಲಸದ ಲಕ್ಷ್ಮಿ ಪಾತ್ರೆ ತೊಳೆದು ಹೋದ ಮೇಲೆ, ನಾನು ಬೀನ್ಸನ್ನೋ ಮೆಂತ್ಯದ ಕಟ್ಟನ್ನೋ ಹಿಡಿದು ಮೇಲೆ ಹೋಗುತ್ತಿದ್ದೆ. ಅವಳು ಬಳಿಯುವಳು, ನಾನು ಸೊಪ್ಪು ಬಿಡಿಸುವೆ. ಮಳೆ ಜೋರಾದರೆ ಕಿಟಕಿ ಮುಚ್ಚಿ, ಅಗಸಿ ಎಣ್ಣೆ, ಟರ್ಪೆಂಟೈನು, ಮೆಂತ್ಯ ಎಲ್ಲ ಕಲೆತ ಒಂದು ವಾಸನೆಯಲ್ಲಿ ಕೂತಿರುತ್ತಿದ್ದೆವು. ಕೆಲವು ದಿನ ಮಾತೇ ಇರುತ್ತಿರಲಿಲ್ಲ. ಬಣ್ಣ ಒಣಗಲು ಬಿಟ್ಟಾಗ ಅವಳು ಹಿಂದೆ ಸರಿದು ನಿಂತು, "ಹಾಂ, ಶೈಲಿ?" ಎನ್ನುವಳು. ನಾನು ಕಂಡದ್ದು ಹೇಳುವೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನನ್ನು "ಏನು ಮಾಡಿದಿ, ಏನು ಮಾಡ್ತಿ" ಎಂದು ಕೇಳಿದವರಿದ್ದಾರೆ. "ಏನು ಕಾಣಸ್ತೈತಿ" ಎಂದು ಕೇಳಿದವರು ಯಾರೂ ಇರಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಅವಳು ದೊಡ್ಡ ಚಿತ್ರವೊಂದನ್ನು ಗೋಡೆಗೆ ಆನಿಸಿದಳು. ಬಿಳಿ. ಮೂಲೆಯಿಂದ ಮೂಲೆಗೆ ಬಿಳಿ. ಕೆಳಗೆ ಒಂದು ಕಡೆ, ಸೀರೆಯ ಸಣ್ಣ ಅಂಚಿನಷ್ಟು ಅಗಲ, ಕಂದು ಹಳದಿಯ ಪಟ್ಟಿ. ಬಿಳಿಯಲ್ಲೂ ಮಡಿಕೆಗಳಿದ್ದವು. ಹತ್ತಿರ ಹೋದರೆ ಕಾಣುತ್ತಿದ್ದವು, ದೂರ ನಿಂತರೆ ಮಾಯವಾಗುತ್ತಿದ್ದವು.

ನಾನು ಬಹಳ ಹೊತ್ತು ನೋಡಿದೆ. ಹೇಳಬಾರದೆಂದುಕೊಂಡೆ. ಆದರೆ ಮಾತು ತಾನೇ ಹೊರಟಿತು.

ಅತ್ತೆಯ ಹದಿಮೂರನೆಯ ದಿನ ಮುಗಿದು, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅದು. ಇವರು ಕೆಲಸಕ್ಕೆ ಹೋದರು. ನಾನು ಆ ಕೋಣೆಯ ಕಿಟಕಿ ತೆರೆದೆ. ಯಂತ್ರ ನಿಂತಿತ್ತು. ಹಾಸಿಗೆಯ ಹೊದಿಕೆ ತೆಗೆದು, ಒಗೆದು, ತಾರಸಿಯ ಬಿಸಿಲಿಗೆ ಹಾಕಿ ಬಂದೆ. ಕಾಫಿ ಮಾಡಿಕೊಂಡು ಬರಿಯ ಮಂಚದ ಅಂಚಿಗೆ ಕೂತೆ. ಮೂರು ವರ್ಷ ನಾನು ಕಾಫಿ ಬಟ್ಟಲು ಕೈಗೆತ್ತಿಕೊಂಡರೆ ಗಂಟೆ ಕೇಳುತ್ತಿತ್ತು, ವಾಪಸು ಬರುವಷ್ಟರಲ್ಲಿ ಕೆನೆಗಟ್ಟಿರುತ್ತಿತ್ತು. ಅಂದು ಮೊದಲ ಗುಟುಕಿಗೆ ನಾಲಿಗೆ ಸುಟ್ಟಿತು. ಆ ಸುಡುವಿಕೆಯೇ ಎಷ್ಟು ಚೆನ್ನಾಗಿತ್ತೆಂದರೆ, ನಾನು ಜೋರಾಗಿ ನಕ್ಕೆ.

"ಹಬ್ಬ ಆದಂಗ ಆತು ವಸು," ಎಂದೆ. "ನಿನ್ನ ಈ ಬಿಳೀ ಚಿತ್ರ ಅದು. ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಸರೋಜಾಗ ತಿಳಿದ್ರ ಆಕಿ ಎದಿ ಒಡೀತೈತಿ."

ವಸು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬಣ್ಣದ ಕೈಯಿಂದ ನನ್ನ ಬೆನ್ನು ಸವರಿದಳು. ನನ್ನ ಕುಪ್ಪಸಕ್ಕೆ ಬಿಳಿ ಹತ್ತಿತು. "ಅದರಾಗ ತಪ್ಪೇನೈತಿ ಹುಚ್ಚಿ? ಅದು ನಿನ್ನ ಹತ್ರನ ಇರ್ಲಿ," ಎಂದಳು. ಈ ಮಾತನ್ನು ಅವಳು ಆಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಭಾದ್ರಪದದಲ್ಲಿ ಪೋಸ್ಟ್‌ಕಾರ್ಡಿನ ಯೋಚನೆ ಹುಟ್ಟಿತು. "ಗೋಡೆಗೆ ತೂಗೋ ಚಿತ್ರ ಒಬ್ಬರ ಮನಿಗೆ ಹೋಗ್ತೈತಿ. ಕಾರ್ಡ್ ಆದ್ರ ನೂರು ಮನಿಗೆ ಹೋಗ್ತೈತಿ," ಎಂದಳು ವಸು. ನಮ್ಮ ಕನ್ನಡ ಬಳಗದವರಿಗೆ ಹೇಳಿದೆ, ಅವರೂ ಒಪ್ಪಿದರು. ದಸರೆಗೆ ಎಲ್ಲ ಮನೆಗಳಿಗೂ ಒಂದೊಂದು ಕಟ್ಟು ಕಾರ್ಡು. ದಾರಕ್ಕೆ ನೇತು ಹಾಕಿದ್ದ ಹೊರದೇಶದ ಕಾರ್ಡುಗಳ ಹಿಂಬದಿ ಓದಿ ಅವಳು ಮೂಗು ಮುರಿದಳು. ಅವುಗಳಲ್ಲಿ ಚಿತ್ರಕಾರನ ಹೆಸರು, ಅಳತೆ, ಬಹಳಷ್ಟಕ್ಕೆ ಶೀರ್ಷಿಕೆಯ ಜಾಗದಲ್ಲಿ ಬರೀ ಅಂಕಿ. "ನಮ್ಮ ಮಂದಿ ಅಂಕಿ ನೋಡಿ ಮಗ್ಗಿ ಅಂತಾರ. ನಾ ಒಂದೊಂದು ಸಾಲು ಮಾತು ಹಾಕ್ತೀನಿ. ನೀ ಆಡಿದ ಮಾತು. ಹಾಕಲಿ?"

ಕಿಟಕಿ ಜಾಳಿಗಿಯ ಮಾತು ಒಂದಕ್ಕೆ, ಮಾತಾಡದೆ ಕೂತ ಗಂಡಸಿನದು ಒಂದಕ್ಕೆ. ಅವಳು ಓದಿ ತೋರಿಸಿದಾಗ ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಹಾಕು ಎಂದೆ. ಬಿಳಿ ಚಿತ್ರದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಇಲ್ಲ ಎಂದುಕೊಂಡೆ.

ಅಚ್ಚು ಹಾಕಿದ್ದು ನಾಚಾರಂನ ಒಂದು ಸಣ್ಣ ಮುದ್ರಣಾಲಯದಲ್ಲಿ. ಔಷಧಿ ಡಬ್ಬಿ, ಮಸಾಲೆ ಪೊಟ್ಟಣ ಅಚ್ಚು ಮಾಡುವ ಜಾಗ. ಬಣ್ಣ ನೋಡಲು ಇಬ್ಬರೂ ಆಟೋದಲ್ಲಿ ಹೋದೆವು. ಕಾರ್ಖಾನೆಗಳ ನಡುವಿನ ರಸ್ತೆಯಲ್ಲಿ ನೀರು ನಿಂತು ಆಟೋದ ನೆಲಕ್ಕೆ ಏರಿತ್ತು. ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡು ಶಾಲೆಯ ಹುಡುಗಿಯರ ಹಾಗೆ ನಕ್ಕೆವು. ಒಳಗೆ ದೊಡ್ಡ ಹಾಳೆಯಲ್ಲಿ ಕಾರ್ಡಿನ ಮುಂಬದಿ ಮಾತ್ರ ಅಚ್ಚಾಗಿ ಒಣಗುತ್ತಿತ್ತು. ಬಣ್ಣದ ಕೆಲಸ ಮೊದಲು, ಹಿಂಬದಿಯ ಕಪ್ಪು ಅಕ್ಷರ ಮರುದಿನ ಎಂದು ಯಂತ್ರ ನಡೆಸುವ ಮಲ್ಲೇಶ್ ಹೇಳಿದ. ನಾನು ಬಿಳಿ ಚಿತ್ರದ ಮುಂದೆ ನಿಂತೆ. ಏನೋ ತಪ್ಪಿತ್ತು. ನೀಲಿ ಹಾಕಿ ಒಗೆದ ಬಟ್ಟೆಯಂತೆ ಕಾಣುತ್ತಿತ್ತು.

"ಇದು ಬ್ಯಾರೆ ಬಿಳಿ ಆತು," ಎಂದೆ. "ಬಿಸಿಲಿನಾಗ ಒಣಗಿದ ಹಚ್ಚಡದ ಬಿಳಿ ಬೇಕು."

ವಸು ಅದನ್ನು ತೆಲುಗಿಗೆ ಮಾಡಿ ಹೇಳಿದಳು. ಮಲ್ಲೇಶ್ ತಲೆ ಕೆರೆದುಕೊಂಡ. "ಅಮ್ಮಾ, ತೆಲುಪು ಅಂಟೆ ತೆಲುಪೇ ಕದಾ! ಬಿಳಿ ಅಂದ್ರೆ ಬಿಳಿ. ಬಿಳಿಯೊಳಗೆ ಎಷ್ಟು ಬಿಳಿ ಇರ್ತಾವಮ್ಮಾ?" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗೊಣಗಿದ. ಆದರೂ ಹಳದಿಯನ್ನು ಕೂದಲೆಳೆಯಷ್ಟು ಏರಿಸಿ ಮತ್ತೊಂದು ಹಾಳೆ ತೆಗೆದ. ಈ ಸಲ ಅದೇ ಹಚ್ಚಡ, ಅದೇ ಬಿಸಿಲು.

"ಸರಿ ಆತಾ?" ವಸು ನನ್ನನ್ನೇ ಕೇಳಿದಳು. ಅವಳು ನನ್ನನ್ನು ಆಗ ನೋಡಿದ ರೀತಿ ಸ್ವಲ್ಪ ಬೇರೆಯಾಗಿತ್ತು. ಬಣ್ಣ ಸರಿಯಾದ ಸಂತೋಷ ಎಂದುಕೊಂಡೆ.

ಇನ್ನೊಂದು ಕೆಲಸವನ್ನೂ ಮಾಡಿಕೊಟ್ಟೆ. ಕಾನ್ವೆಂಟಿನ ಸಿಸ್ಟರು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ ನನ್ನದು. ಮದುವೆ ಲಗ್ನಪತ್ರಿಕೆಗೆ ವಿಳಾಸ ಬರೆಯಬೇಕೆಂದರೆ ಬಳಗದವರು ಈಗಲೂ ನನಗೇ ತಂದುಕೊಡುತ್ತಾರೆ. ಕಾರ್ಡು ಇನ್ನೂ ಮುದ್ರಣಾಲಯದಲ್ಲಿರುವಾಗಲೇ ಖಾಲಿ ಲಕೋಟೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿಕೊಂಡು ಹಸಿರು ಶಾಯಿಯಲ್ಲಿ ವಿಳಾಸ ಬರೆದೆ. ದಿಲ್‌ಸುಖ್‌ನಗರದ ಗಂಗಕ್ಕನಿಗೆ, ಇವರ ಜೊತೆ ಕೆಲಸ ಮಾಡುವವರ ಮನೆಗಳಿಗೆ. ಸರೋಜಾಗೆ ಬರೆಯುವಾಗ ಹೆಸರಿನ ಕೆಳಗೆ ಒಂದು ಸಣ್ಣ ಹೂ ಕೂಡ ಬಿಡಿಸಿದೆ. ನನ್ನ ಕಟ್ಟನ್ನು ದಸರೆಯ ದಿನ ತಾನೇ ಕೈಯಾರೆ ಕೊಡುತ್ತೇನೆಂದು ವಸು ಹೇಳಿದ್ದಳು.

ದಸರೆಗೆ ಎರಡು ದಿನ ಇರುವಾಗ ಲಕೋಟೆಗಳು ಮನೆಮನೆ ತಲುಪಿದವು. ವಸು ಬೆಂಗಳೂರಿಗೆ ಯಾವುದೋ ಪ್ರದರ್ಶನಕ್ಕೆಂದು ಹೋದಳು. ಹಬ್ಬದ ಮಧ್ಯಾಹ್ನ ಬರುವುದಾಗಿ ಹೇಳಿದ್ದಳು.

ವರ್ಷ ತುಂಬದ ಮನೆ ನಮ್ಮದು, ಹೋಳಿಗೆ ತೋರಣ ಇರಲಿಲ್ಲ. ಆದರೆ ಬನ್ನಿ ಕೊಡಲು ಬರುವವರನ್ನು ಬೇಡ ಎನ್ನಲಾಗದು. ಸಂಜೆ ಕೆಳಗೆ ಹುಡುಗಿಯರು ಕಟ್ಟಡದ ಸ್ಪೀಕರಿಗೆ ಕುಣಿಯುತ್ತಿದ್ದರು. ಇಲ್ಲಿಯವರು ಜಮ್ಮಿ ಎನ್ನುವ ಬನ್ನಿಯ ಟೊಂಗೆಯನ್ನು ವಾಚ್‌ಮನ್ ತಂದಿದ್ದ, ಅದರ ಎಲೆ ಬಿಡಿಸಿ ತಟ್ಟೆಯಲ್ಲಿಟ್ಟಿದ್ದೆ. ಗಂಗಕ್ಕ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದರು. "ಬಂಗಾರ ತಗೊಂಡು ಬಂಗಾರದಂಗ ಇರೂಣವಾ," ಎಂದು ಎಲೆ ಕೊಟ್ಟು ಕೂತರು. ಕಾಫಿ ತಂದೆ.

"ನೀನೂ ಕುಡಿ ಶೈಲಾ," ಎಂದರು ಗಂಗಕ್ಕ. "ನಿಂತೀ ಯಾಕ? ಬಿಸಿ ಇರೋತನ ಕುಡಿಯವಾ. ಈಗ ಗಂಟಿ ಬಾರಸೋರು ಯಾರದಾರ?"

ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಇನ್ನೊಬ್ಬಳು, "ಏ, ಸುಮ್ಮಕಿರ್ರಿ ಗಂಗಕ್ಕ," ಎಂದು ಅವರ ತೊಡೆ ತಟ್ಟಿದಳು. ನಾನು ನಕ್ಕೆ. ಎಲ್ಲರೂ ನಗುವಾಗ ನಗುವುದು ನನಗೆ ರೂಢಿ. ಅತ್ತೆಯ ಗಂಟೆ ಎಲ್ಲರಿಗೂ ಗೊತ್ತಿತ್ತು. ಆದರೆ ಕಾಫಿ? ಬಟ್ಟಲುಗಳನ್ನು ಒಳಗೆ ಒಯ್ದೆ. ಇನ್ನೂ ಪೂರಾ ತಿಳಿದಿರಲಿಲ್ಲ.

ಅವರು ಹೋದ ಮೇಲೆ ಸರೋಜಾ ಬಂದಳು. ಒಬ್ಬಳೇ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂರಲಿಲ್ಲ, ತಟ್ಟೆಯ ಎಲೆ ಮುಟ್ಟಲಿಲ್ಲ. ಇವರು ಸೋಫಾದಲ್ಲಿದ್ದರು. "ಬಾ ಸರೂ," ಎಂದರು. ಅವಳು ಚೀಲದಿಂದ ಲಕೋಟೆ ತೆಗೆದು, ಅದರೊಳಗಿಂದ ಬಿಳಿ ಕಾರ್ಡನ್ನು ತೆಗೆದು, ಬನ್ನಿಯ ತಟ್ಟೆಯಲ್ಲಿ ಬೆನ್ನು ಮೇಲಾಗಿ ಇಟ್ಟಳು.

"ಓದ್ರಿ ವೈನಿ."

ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಅಕ್ಷರ ಸಣ್ಣದು, ಅಂದವಾಗಿತ್ತು.

"ಹಬ್ಬ. ಮೂರು ವರ್ಷ ಮಂಚಕ್ಕೆ ಗಂಟೆ. ಅತ್ತೆ ಹೋದ ದಿನ ಸೊಸೆ ಹಾಸಿಗೆ ಬಿಸಿಲಿಗೆ ಹಾಕಿ, ಬಿಸಿ ಕಾಫಿ ಕುಡಿದು ನಕ್ಕಳು."

"ಅತ್ತೆ ಹೋದ ದಿನ." ಅಲ್ಲೇ ಕಣ್ಣು ನಿಂತಿತು.

"ಲಕೋಟೆ ಮ್ಯಾಲೆ ನಿಮ್ಮ ಅಕ್ಷರ," ಎಂದು ಸರೋಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೂ ಬ್ಯಾರೆ ಬಿಡಿಸೀರಿ. ನನಗ ತಿಳೀಲಿ ಅಂತ ನೀವ ಕಳಿಸೀರಿ ಅಂದ್ಕೊಂಡೆ. ಅವತ್ತ ನನ್ನ ಕೂಡ ಕೂತು ಅತ್ತಿರಲ್ಲ ವೈನಿ. ಅವ್ವನ ತಲಿ ಬಾಚಿದಿರಿ. ಅದೆಲ್ಲಾ ಏನದು? ಮಂದಿ ಹೋದ ಮ್ಯಾಲೆ ನಗಾಕ ಕಾದು ಕೂತಿದ್ರೇನು?"

"ಇಲ್ಲ ಸರೋಜಾ. ಅವತ್ತ ನಾ ಕಾಫಿ ಕುಡಿದಿಲ್ಲ."

"ಹಂಗಾದ್ರ ಇದು ಸುಳ್ಳು?"

ಆ ಪ್ರಶ್ನೆಗೆ ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಹೇಳಲೆಂದೇ ಸರೋಜಾ ಕಾಯುತ್ತಿದ್ದಳು, ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ವಸುಂಧರೆ ಕಟ್ಟಿದ ಕಥೆ ಎಂದರೆ ಸಾಕಿತ್ತು. ಆದರೆ ಅದರಲ್ಲಿ ಒಂದೇ ಮಾತು ಸುಳ್ಳು. ಉಳಿದದ್ದು ನನ್ನದು. ಆ ಒಂದು ಸುಳ್ಳನ್ನು ತೆಗೆಯಬೇಕಾದರೆ ಉಳಿದ ನಿಜವನ್ನು ನಾನೇ ಬಾಯಿಬಿಟ್ಟು ಹೇಳಬೇಕಿತ್ತು. ಇವರು ಕಾರ್ಡು ಕೈಗೆ ತೆಗೆದುಕೊಂಡು ಓದುತ್ತಿದ್ದರು. ಕನ್ನಡಕ ಹಣೆಗೆ ಏರಿಸಿ, ಹತ್ತಿರ ಹಿಡಿದು.

"ಹೋದ ದಿನ ಅಲ್ಲ," ಎಂದೆ. "ಎಲ್ಲಾ ಮುಗಿದ ಮ್ಯಾಲೆ. ನೀವೆಲ್ಲಾ ಹೋದ ಮರುದಿನ. ಅವತ್ತ ನಕ್ಕೆ. ಅದು ಖರೆ."

ಸರೋಜಾ ನನ್ನನ್ನು ನೋಡಿದಳು. ಕೆಳಗೆ ಸ್ಪೀಕರಿನ ಹಾಡು ಬದಲಾಯಿತು.

"ಖರೆ," ಎಂದಳು. "ನಮ್ಮವ್ವ ಅಷ್ಟು ಭಾರ ಆಗಿದ್ಲು."

"ಭಾರ ಇದ್ದದ್ದು ಕೆಲಸ, ಸರೋಜಾ. ಅತ್ತಿ ಅಲ್ಲ."

"ಅದನ್ನ ನನಗ ಹೇಳಿದ್ರ ನಾ ಒಂದಿಷ್ಟು ದಿನ ಕರಕೊಂಡು ಹೋಗ್ತಿದ್ದೆ. ಬಣ್ಣ ಬಳಿಯೋ ಆ ಹೆಂಗಸಿಗೆ ಹೇಳಿದಿರಿ. ಆಕಿ ಊರಿಗೆಲ್ಲಾ ಹಂಚಿದ್ಲು." ಅವಳು ಚಪ್ಪಲಿ ಮೆಟ್ಟಿದಳು. ಅಣ್ಣನ ಕಡೆಗೂ ತಿರುಗಿ ನೋಡಲಿಲ್ಲ.

ಇವರು ಕಾರ್ಡನ್ನು ಮೇಜಿನ ಮೇಲಿಟ್ಟು ಎದ್ದು ಬಾಲ್ಕನಿಗೆ ಹೋದರು. ಬೂದಿಯ ಮೇಲೆ ಬೂದಿ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ, ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದರು. "ಅವ್ವನ ವಿಷಯಕ್ಕ ನನಗ ಸಿಟ್ಟಿಲ್ಲ. ಮೂರು ವರ್ಷ ನಾ ಹೊರಗ ಇದ್ದೆ, ನೀ ಒಳಗ ಇದ್ದಿ. ಅದು ನನಗ ತಿಳೀತೈತಿ. ಆದ್ರ ಶೈಲಾ, ನನ್ನ ಮನ್ಯಾಗಿನ ಮಾತು ನಾ ಕಾರ್ಡಿನಾಗ ಓದೋದು ಅಂದ್ರ…" ದಾರ ಕಟ್ಟುವುದು ಮುಗಿದಿತ್ತು. ಮಾತು ಮುಗಿಯಲಿಲ್ಲ. ಹೋದರು.

ವಸು ಹಬ್ಬದ ದಿನ ಬಂದಿರಲಿಲ್ಲ. ಮರುದಿನ ಬಂದಳು. ಸೂಟ್‌ಕೇಸು ಎಳೆಯುವ ಸದ್ದು ತಲೆಯ ಮೇಲೆ ಕೇಳಿದ್ದೇ ನಾನು ಮೆಟ್ಟಿಲು ಹತ್ತಿದೆ.

"ಬಾ ಬಾ," ಎಂದಳು. "ಅಲ್ಲಿ ಮಂದಿಗೆ ಭಾಳ ಸೇರಿದ್ವು ಕಾರ್ಡು. ಎಲ್ಲಾರೂ ಆ ಬಿಳೀದನ್ನ ಕೇಳ್ತಾರ. ಒಬ್ಬಾಕಿ ಅಂತೂ ಓದಿ ಅತ್ತಬಿಟ್ಲು."

"ನನ್ನ ಮನ್ಯಾಗೂ ಅತ್ತರು."

ಅವಳು ಸೂಟ್‌ಕೇಸಿನಿಂದ ಕೈ ತೆಗೆದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ನನಗೆ ಗಟ್ಟಿಯಾಗಿ ಮಾತಾಡಲು ಬರುವುದಿಲ್ಲ. ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಮೆಲ್ಲಗೆ, ಪೂರ್ತಿ ವಾಕ್ಯಗಳಲ್ಲಿ ಹೇಳಿದೆ. ಅದೇ ಅವಳಿಗೆ ಧೈರ್ಯ ಕೊಟ್ಟಿತೋ ಏನೋ.

"ನಿನ್ನ ಹೆಸರು ಹಾಕಿಲ್ಲಲ್ಲ ಶೈಲಿ."

"ಗಂಟಿ ಹಾಕಿದಿಯಲ್ಲ."

"ಉಳದ ಮಾತಿಗೆ ಹೂಂ ಅಂದಿದ್ದಿ. ಇದಕ್ಕೂ ಅಂತಿ ಅಂದ್ಕೊಂಡೆ."

"ಹಂಗಾದ್ರ ಕೇಳಬೇಕಿತ್ತು. ಕೇಳಿದ್ರ ಬ್ಯಾಡ ಅಂತೀನಿ ಅಂತ ನಿನಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ. ನಾಚಾರಂದಾಗ ಬಿಳಿ ಸರಿ ಮಾಡಿಸಿಕೊಂಡಿ ನನ್ನ ಕಡೆಯಿಂದ. ಅವತ್ತ ಕಾರ್ಡಿನ ಹಿಂಬದಿ ಮಾತು ಬರ್ದು ಕೊಟ್ಟಾಗಿತ್ತು, ಹೌದೋ ಅಲ್ಲೋ?"

ಅವಳು ಕಿಟಕಿಯ ಕಡೆ ತಿರುಗಿದಳು. ಅದೇ ಉತ್ತರ.

"ಅದು ನಿನ್ನೊಬ್ಬಾಕಿ ಮಾತಲ್ಲ," ಎಂದಳು. "ಎಷ್ಟು ಮನ್ಯಾಗ ಎಷ್ಟು ಹೆಂಗಸರು ಅದನ್ನ ನುಂಗಿ ಕೂತಾರ. ಯಾರರ ಹೇಳಬೇಕಲ್ಲ? ಆ ಮಾತಿಲ್ಲದ ಆ ಚಿತ್ರ ಬರೇ ಬಿಳೀ ಬಣ್ಣ, ಶೈಲಿ."

ಇದ್ದರೂ ಇರಬಹುದು. ಅವಳು ಹೇಳಿದ್ದು ಸುಳ್ಳೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಆದರೆ ನನಗೆ ಕೇಳಬೇಕಿದ್ದದ್ದು ಇನ್ನೊಂದು.

"ಹೋದ ದಿನ ಅಂತ ಯಾಕ ಹಾಕಿದಿ? ನಾ ಹಂಗ ಹೇಳಿದ್ದಿಲ್ಲ. ಮರುದಿನ ಅಂದಿದ್ದೆ, ಹದಿಮೂರು ದಿನ ಮುಗಿದ ಮ್ಯಾಲೆ ಅಂದಿದ್ದೆ."

"ಅಷ್ಟೆಲ್ಲಾ ಹಾಕಿದ್ರ ಸಾಲು ಉದ್ದ ಆಗ್ತೈತಿ," ಎಂದಳು.

ತುಂಬ ಸಹಜವಾಗಿ ಹೇಳಿದಳು. ಸೀರೆ ಉದ್ದವಾದರೆ ನೆರಿಗೆ ಹೆಚ್ಚು ಹಾಕಬೇಕು ಎನ್ನುವ ಹಾಗೆ. ಅವಳ ಮುಖದಲ್ಲಿ ಕೆಡುಕು ಇರಲಿಲ್ಲ. ಅದನ್ನು ಕಂಡೇ ನನಗೆ ಹೆಚ್ಚು ಭಯವಾಯಿತು. ಅತ್ತೆಗಾಗಿ ನಾನು ಅತ್ತ ಅಷ್ಟೂ ದಿನಗಳು, ಬಂದವರಿಗೆ ಬಡಿಸಿದ್ದು, ಸರೋಜಾಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡದ್ದು, ಅವರ ಸೀರೆಗಳನ್ನು ಮಡಿಸುವಾಗ ಮೂಗಿಗೆ ಹಿಡಿದು ಕೂತದ್ದು ಎಲ್ಲ ಕಾರ್ಡಿನ ಬೆನ್ನಿನಲ್ಲಿ ಹಿಡಿಯದ್ದರಿಂದ ತೆಗೆದುಹಾಕಿದ್ದಳು. ಅದಿಷ್ಟನ್ನು ತೆಗೆದ ಮೇಲೆ ಉಳಿದ ಆ ನಗುವ ಸೊಸೆ ಯಾರೋ. ನನ್ನ ಮನೆಯಲ್ಲಿ ಅಂಥವಳು ಇರಲಿಲ್ಲ.

"ತೆಗೆದು ಮತ್ತ ಅಚ್ಚ ಹಾಕಸ್ತೀನಿ," ಎಂದಳು. "ಹಿಂದ ಖಾಲಿ ಬಿಡ್ತೀನಿ. ಆತಾ?"

"ನಮ್ಮ ಸರೋಜಾಗ ಖಾಲಿ ಕಾರ್ಡು ಕಳಸ್ತೀಯೇನು?" ಎಂದು ಇಳಿದು ಬಂದೆ.

ಗಂಗಕ್ಕನ ತಮಾಷೆ ದೀಪಾವಳಿಯವರೆಗೆ ನಡೆಯಿತು, ಆಮೇಲೆ ಬಳಗಕ್ಕೆ ಬೇರೆ ಸುದ್ದಿ ಸಿಕ್ಕಿತು. ಸರೋಜಾ ಆರು ತಿಂಗಳು ನಮ್ಮ ಮನೆಗೆ ಕಾಲಿಡಲಿಲ್ಲ. ಅತ್ತೆಯ ವರ್ಷದ ಕಾರ್ಯಕ್ಕೆ ಬಂದಳು. ಬರಲೇಬೇಕಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ವಡೆ ತಟ್ಟಿದೆವು. ಉಪ್ಪು ಕೊಡ್ರಿ, ಎಣ್ಣಿ ಕಾದೈತಿ, ಇಷ್ಟೇ ಮಾತು. ಎಲೆ ಎತ್ತಿದ ಮೇಲೆ ಅವಳು ಅತ್ತೆಯ ಕೋಣೆಗೆ ಹೋಗಿ ಬಹಳ ಹೊತ್ತು ಕೂತಿದ್ದಳು. ನಾನು ಹಿಂದೆ ಹೋಗಲಿಲ್ಲ. ಹೊರಡುವಾಗ, "ಬರ್ತೀನಿ ವೈನಿ" ಎಂದಳು. ಮೊದಲಿನ ಹಾಗೆ ಭುಜ ಹಿಡಿಯಲಿಲ್ಲ. ಈಗಲೂ ಬರುತ್ತಾಳೆ, ಹೋಗುತ್ತಾಳೆ, ಉಣ್ಣುತ್ತಾಳೆ. ಅವಳ ಮುಂದೆ ನಾನು ನಕ್ಕರೆ ಮಾತ್ರ, ಅವಳ ಕಣ್ಣು ನನ್ನ ಮುಖದ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಮೊದಲು ಹೀಗಿರಲಿಲ್ಲ. ಇವರು ಆ ವಿಷಯ ಮತ್ತೆ ಎತ್ತಿಲ್ಲ. ಒಂದೆರಡು ಸಲ, ಏನೋ ಯೋಚನೆಯಲ್ಲಿದ್ದಾಗ, "ಏನಾರ ಹೇಳೋದೈತೇನು?" ಎಂದು ಕೇಳಿದ್ದಾರೆ. ಕೇಳಿದ್ದಕ್ಕೆ ಕಣ್ಣು ತುಂಬಿತು, ಆದರೆ ಹೇಳುವುದಕ್ಕೆ ನನಗೆ ಈಗ ಬರುವುದಿಲ್ಲ. ಅದು ನನ್ನಲ್ಲಿ ಕೆಟ್ಟುಹೋಗಿದೆ.

ವಸು ಮೇಲೆಯೇ ಇದ್ದಾಳೆ. ಲಿಫ್ಟಿನಲ್ಲಿ ಸಿಕ್ಕರೆ ಮಾತಾಡುತ್ತೇವೆ. ನೀರಿನ ಟ್ಯಾಂಕರು, ಬಿಸಿಲು, ಅವಳ ಮಂಡಿನೋವು. ಕಳೆದ ವರ್ಷ ಮಳೆ ಶುರುವಾದಾಗ ಒಂದು ದಿನ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, "ಒಂದೇ ಒಂದ ಸಲ ಬಾ ಶೈಲಿ. ಎರಡು ತಿಂಗಳಿಂದ ಒಂದು ಚಿತ್ರದ ಮುಂದ ಕೂತೀನಿ, ನನಗ ಏನೂ ತಿಳೀವಲ್ದು," ಎಂದಳು. ಮುದುಕಿಯಾಗಿದ್ದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೋದೆ.

ಬಹಳ ದೊಡ್ಡ ಚಿತ್ರ. ಕಡು ಹಸಿರು, ನಡುವೆ ಎಲ್ಲೋ ಒಂದು ಕಡೆ ಸೀಳಿದಂತೆ ಬೇರೆ ಒಂದು ಬಣ್ಣ. ನೋಡಿದ್ದೇ ತಡ, ನನಗೆ ಕಂಡಿತು. ಹಿಂದೆ ಯಾವ ಚಿತ್ರದಲ್ಲೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಏನೋ ಆದದ್ದನ್ನು ಅವಳೂ ಕಂಡಳು, ಕಾಣದೆ ಇರುವವಳಲ್ಲ.

"ಹಾಂ?" ಎಂದಳು.

"ಚೊಲೋ ಬಂದೈತಿ," ಎಂದೆ.

"ಅಷ್ಟನ?"

"ಅಷ್ಟ ವಸು. ಬಣ್ಣ ಚೊಲೋ ಅದಾವು."

ಅವಳು ಕುಂಚವನ್ನು ಚಿಂದಿಯಲ್ಲಿ ಒರೆಸತೊಡಗಿದಳು. ಬಣ್ಣ ಹೋದ ಮೇಲೂ ಒರೆಸುತ್ತಲೇ ಇದ್ದಳು. ಮಳೆ ಬರುವ ಹಾಗಿತ್ತು, ತಾರಸಿಯಲ್ಲಿ ಬಟ್ಟೆ ಇತ್ತು, ತೆಗೆಯಲೆಂದು ಹೊರಟೆ. ಆ ಚಿತ್ರದಲ್ಲಿ ನನಗೆ ಕಂಡದ್ದೇನೆಂದು ಇವರಿಗೆ ಹೇಳಿಲ್ಲ, ಸರೋಜಾಗೆ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.